ಮಿಕ್ಕ ತುಂಡು ಯಾರದ್ದು?

ಫೋಮ್ ಕೊಯ್ಯುವ ಮಷೀನ್ ತಂದ ಮೇಲೆ ಅಂಗಡಿಗೆ ಬಂದವರು ಮೊದಲು ಅದನ್ನು ನೋಡಿ ಖುಷಿಪಡುತ್ತಾರೆ, ಆಮೇಲೆ ಚೌಕಾಸಿ ಶುರು ಮಾಡುತ್ತಾರೆ. ಕೈಮರದ ಕಡೆ ಹೋಂಸ್ಟೇ ನಡೆಸುವ ಒಬ್ಬರಂತೂ ನೇರವಾಗಿ ಕೇಳಿಬಿಟ್ಟರು: "ಮೇಡಂ, ಮೊದಲು ಮೇಸ್ತ್ರಿ ಚಾಕು ಹಿಡ್ಕೊಂಡು ಒದ್ದಾಡ್ತಿದ್ರು. ಈಗ ಒಂದು ನಿಮಿಷದ ಕೆಲಸ. ರೇಟು ಕಮ್ಮಿ ಆಗ್ಬೇಕಲ್ವಾ?" ನಕ್ಕು ಮಾತು ಬದಲಾಯಿಸಿದೆ. ಆದರೆ ಅವರು ಹೋದ ಮೇಲೂ ಪ್ರಶ್ನೆ ಹೋಗಲಿಲ್ಲ. ಅವರು ಕೇಳಿದ್ದರಲ್ಲಿ ಅನ್ಯಾಯ ಏನೂ ಇಲ್ಲ. ಕೆಲಸ ಸುಲಭ ಆದರೆ ಕೂಲಿ ಇಳಿಯಬೇಕು ಅಂತ ನಾನೂ ಎಷ್ಟೋ ಕಡೆ ಅಂದುಕೊಂಡಿದ್ದೇನೆ. ಹಾಗಾದರೆ ಈ ಮಷೀನು ಉಳಿಸಿದ್ದು ಏನನ್ನು, ಆ ಉಳಿತಾಯ ಹೋಗುತ್ತಿರುವುದು ಯಾರ ಜೇಬಿಗೆ? ಇದನ್ನು ಸ್ವಲ್ಪ ಕೂತು ಯೋಚನೆ ಮಾಡಬೇಕು ಅನ್ನಿಸಿತು.

ನಾನು ಬ್ಲೌಸ್ ಹೊಲಿಗೆಯಿಂದ ಈ ಕಸುಬಿಗೆ ಬಂದವಳು. ಬ್ಲೌಸ್ ಆಯ್ತು, ಕರ್ಟನ್ ಆಯ್ತು, ಚಿಕ್ಕಮಗಳೂರಿನ ಸುತ್ತ ಹೋಂಸ್ಟೇಗಳು ಜಾಸ್ತಿ ಆದ ಮೇಲೆ ದಿಂಬಿನ ಕವರ್, ಕುಶನ್, ಕೊನೆಗೆ ಸೋಫಾ. ಈಗಲೂ ಹೊಲಿಗೆ ಮಾತ್ರ ನನ್ನದು. ಮೊಳೆ ಕೀಳುವುದು, ಸೀಟಿನ ಅಡಿಗೆ ಬೆಲ್ಟ್ ಎಳೆಯುವುದು, ಸ್ಪ್ರಿಂಗ್ ಕಟ್ಟುವುದು, ಫೋಮ್ ಕೊಯ್ಯುವುದು, ಎಲ್ಲಾ ನಮ್ಮ ಮೇಸ್ತ್ರಿಗಳದ್ದು. ಅವರು ಬಸ್ಸಿಗೆ ಬಾಡಿ ಕಟ್ಟುವ ಕಡೆ ಸೀಟಿನ ಕೆಲಸ ಕಲಿತವರು. ನನಗಿಂತ ತುಂಬಾ ದೊಡ್ಡವರು, ಆದರೂ ನನ್ನನ್ನು "ಅಮ್ಮ" ಅಂತಲೇ ಕರೆಯುತ್ತಾರೆ. ಮಾತು ಕಮ್ಮಿ. ಕೆಲಸ ಇಷ್ಟವಾಗದಿದ್ದರೆ ಒಂದು ಸಲ ಮೂಗಲ್ಲೇ ಹೂಂ ಅಂತಾರೆ, ಅಷ್ಟೇ.

ಚಾಕುವಿನ ಕಾಲ

ಮೇಸ್ತ್ರಿಗಳ ಚಾಕು ಎಲ್ಲೂ ಕೊಂಡದ್ದಲ್ಲ. ಕಬ್ಬಿಣ ಕೊಯ್ಯುವ ಪವರ್ ಹ್ಯಾಕ್ಸಾದ ಹಳೇ ಬ್ಲೇಡನ್ನು ಗ್ರೈಂಡರಿಗೆ ಹಿಡಿದು, ಹಲ್ಲು ತೆಗೆದು, ಹರಿತ ಮಾಡಿ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿಕೊಂಡಿದ್ದು. ಈ ಕೆಲಸದವರ ಹತ್ತಿರ ಇಂಥದ್ದೊಂದು ಇದ್ದೇ ಇರುತ್ತೆ. ಕೊಯ್ಯುವ ಮೊದಲು ಅಲಗಿಗೆ ಸ್ವಲ್ಪ ಸೋಪು ಸವರುತ್ತಾರೆ. ಎರಡು ಇಂಚಿನ ಫೋಮ್ ಆದರೆ ಏನೂ ತೊಂದರೆ ಇಲ್ಲ, ನಾಲ್ಕು ಇಂಚೂ ಪರವಾಗಿಲ್ಲ. ಐದು, ಆರು ಇಂಚಿಗೆ ಬಂದಾಗ ಅಸಲಿ ಕಷ್ಟ.

ಫೋಮ್ ತುಂಬಾ ಇರುವುದು ಗಾಳಿ. ಅಲಗು ತಾಗಿದರೆ ಅದು ಕೊಯ್ಯಿಸಿಕೊಳ್ಳುವ ಮೊದಲು ಬಗ್ಗುತ್ತದೆ, ಬಿಸಿ ಬನ್ನಿನ ಮೇಲೆ ಮೊಂಡು ಚಾಕು ಇಟ್ಟ ಹಾಗೆ. ಬಗ್ಗಿದ ಜಾಗದಲ್ಲೇ ಕೊಯ್ತ ಬೀಳುತ್ತೆ. ಕೈ ತೆಗೆದ ಮೇಲೆ ಫೋಮ್ ಮತ್ತೆ ಎದ್ದು ನಿಲ್ಲುತ್ತೆ, ಆಗ ನೋಡಿದರೆ ಅಂಚು ನೆಟ್ಟಗಿರಲ್ಲ. ನಡುವೆ ಒಳಗೆ ಹೋಗಿರುತ್ತೆ, ಕೆಳಗಿನ ಗೀಟು ಮೇಲಿನ ಗೀಟಿಗಿಂತ ಕಾಲಿಂಚೋ ಅರ್ಧ ಇಂಚೋ ಆಚೀಚೆ. ಬಟ್ಟೆ ಹಾಕಿದ ದಿನ ಇದು ಯಾರಿಗೂ ಕಾಣಲ್ಲ. ಆದರೆ ಸೀಟಿನ ಮುಂದಿನ ಅಂಚು ಇದೆಯಲ್ಲ, ಕೂರುವಾಗ ಏಳುವಾಗ ತೊಡೆ ಒತ್ತುವ ಜಾಗ, ಅಲ್ಲಿ ಒಳಗೆ ಗುಳಿ ಇದ್ದರೆ ಸ್ವಲ್ಪ ದಿನ ಕಳೆದ ಮೇಲೆ ಕವರ್ ಅಲ್ಲೇ ಸುಕ್ಕು ಬೀಳುತ್ತೆ. ಅದಕ್ಕೇ ಕವರ್ ಇಪ್ಪತ್ತೊಂದೂವರೆ ಇಂಚು ಹೊಲಿದರೆ ಫೋಮನ್ನು ಇಪ್ಪತ್ತೆರಡಕ್ಕೆ ಕೊಯ್ಯುವುದು, ಬಟ್ಟೆ ಬಿಗಿಯಾಗಿ ನಿಲ್ಲಲಿ ಅಂತ. ಅಂಚು ಸೊಟ್ಟಗಿದ್ದರೆ ಆ ಅರ್ಧ ಇಂಚು ಅಲ್ಲೇ ನುಂಗಿಹೋಗುತ್ತೆ. ಗಿರಾಕಿಗೆ ಒಳಗಿನದ್ದು ಕಾಣಲ್ಲ, ಬಟ್ಟೆ ಕಾಣುತ್ತೆ. ಹಾಗಾಗಿ ಬೈಗುಳ ಹೊಲಿದವಳಿಗೆ!

ಮೇಸ್ತ್ರಿಗಳ ಬಲ ಭುಜದ ಕಥೆ ಬೇರೆ. ದಪ್ಪ ಫೋಮ್ ಕೊಯ್ಯಬೇಕಾದರೆ ಮಂಡಿಯೂರಿ, ಎಡ ಮೊಣಕೈಯಲ್ಲಿ ಶೀಟನ್ನು ಅದುಮಿ, ಬಲಗೈಯಲ್ಲಿ ಉದ್ದಕ್ಕೆ ಎಳೆಯಬೇಕು. ಒತ್ತುವ ಹಾಗಿಲ್ಲ, ಎಳೆಯಬೇಕು, ಅದೂ ಒಂದೇ ಹದದಲ್ಲಿ. ಹೋಂಸ್ಟೇಯವರು ದಸರಾ ರಜೆಗೆ ಮುಂಚೆ ಎಲ್ಲಾ ರೂಮಿನ ಕುಶನ್ ಒಟ್ಟಿಗೆ ಬದಲಾಯಿಸಿ ಅಂತಾರೆ. ಮಳೆಗಾಲ ಪೂರ್ತಿ ತೇವ ಕುಡಿದು ಬೂಷ್ಟು ಹಿಡಿದ ಫೋಮ್ ಒಗೆದರೂ ಸರಿಹೋಗಲ್ಲ, ಹೊಸದೇ ಹಾಕಬೇಕು. ಆ ಸೀಸನ್ನಿನಲ್ಲಿ ಸಂಜೆ ಅವರು ಅಂಗಿ ತೊಡುವುದನ್ನು ನೋಡಬೇಕಿತ್ತು, ಬಲಗೈಯನ್ನು ಎಡಗೈಯಲ್ಲಿ ಹಿಡಿದು ತೋಳಿಗೆ ತೂರಿಸುತ್ತಿದ್ದರು. ಕೇಳಿದರೆ "ಥಂಡಿ ಅಮ್ಮ" ಅನ್ನುವರು.

ಆಲ್ದೂರು ಕಡೆಯ ಬಂಗಲೆ

ನಾನು ಕೊಂಡದ್ದು ಹಳೇ ಮಷೀನ್. ಹೊಸದು ಯಾಕೆ ತಗೊಳ್ಳಲಿಲ್ಲ ಅಂದರೆ, ಮಷೀನಿನ ದುಡ್ಡು ಒಂದೇ ಅಲ್ಲ. ಒಳ್ಳೆ ಕಂಪನಿಯದಕ್ಕೆ ಬ್ಲೇಡು ಬೇರೆ ಕೊಳ್ಳಬೇಕು, ಬ್ಲೇಡನ್ನು ಹಿಡಿದು ನಿಲ್ಲಿಸುವ ಗೈಡು ಬೇರೆ ಕೊಳ್ಳಬೇಕು. ಮೆತ್ತೆ ಫ್ಯಾಕ್ಟರಿಗಾದರೆ ಸರಿ, ನಮ್ಮ ಥರ ದಿನಕ್ಕೆ ನಾಲ್ಕು ಕೊಯ್ತ ಇರುವ ಅಂಗಡಿಗೆ ಅಷ್ಟು ಬಂಡವಾಳ ಜಾಸ್ತಿ ಆಗುತ್ತೆ. ಬಿಸಿ ತಂತಿಯಲ್ಲಿ ಕೊಯ್ಯುವ ಕಟ್ಟರ್ ಅಗ್ಗ, ಅದನ್ನೇ ತಗೊಳ್ಳಿ ಅಂತ ಹೇಳಿದವರೂ ಇದ್ದರು. ಅದು ಥರ್ಮೋಕೋಲಿಗೆ ಸರಿ. ಸೋಫಾದ ಫೋಮ್ ಪಾಲಿಯುರಿಥೇನ್, ಅದನ್ನು ಸುಟ್ಟರೆ ಬರುವ ಹೊಗೆ ವಿಷ. ಸೈನೈಡ್ ಗ್ಯಾಸು ಕೂಡ ಇರುತ್ತೆ ಅದರಲ್ಲಿ. ಬಾಗಿಲು ಮುಚ್ಚಿಕೊಂಡು ಕೆಲಸ ಮಾಡುವ ಮಲೆನಾಡಿನ ಮಳೆಗಾಲಕ್ಕೆ ಅದು ಬೇಡವೇ ಬೇಡ.

ಆಲ್ದೂರು ಕಡೆಯ ಒಂದು ತೋಟದ ಮನೆಯಲ್ಲಿ ಮಷೀನ್ ಇದೆ ಅಂತ ಗೊತ್ತಾಗಿದ್ದು ಅವರ ಮನೆಯ ಬೀಟೆ ಸೋಫಾ ರಿಪೇರಿಗೆ ಬಂದಾಗ. ಆ ಮನೆಯ ಮಗ ಅಮೆರಿಕದಲ್ಲಿದ್ದು ವಾಪಸ್ ಬಂದವರು. ಅಲ್ಲಿ ವ್ಯಾನಿನೊಳಗೆ ಹಾಸಿಗೆ, ಸೀಟು ಎಲ್ಲಾ ತಾವೇ ಮಾಡಿಕೊಂಡು ಊರೂರು ತಿರುಗುತ್ತಿದ್ದರಂತೆ. ಬರುವಾಗ ಹತಾರವನ್ನೆಲ್ಲ ಹಡಗಿಗೆ ಹಾಕಿಸಿಕೊಂಡು ಬಂದಿದ್ದರು. ಅದರಲ್ಲಿ ಬಾಷ್ ಕಂಪನಿಯ ಫೋಮ್ ಕಟ್ಟರ್ ಒಂದು, ಅಲ್ಲಿ 1575ಎ ಅಂತ ಹೆಸರಿನ ಮಾಡೆಲ್. ನಮ್ಮ ಕಡೆಯ ಕರೆಂಟಿಗೆ ಇದೇ ಜಾತಿಯದು ಜಿಎಸ್‌ಜಿ 300. "ಇದು 120 ವೋಲ್ಟಿಂದು. ಇಲ್ಲಿ ಯಾರೂ ತಗೊಳ್ಳಲ್ಲ, ನಿಮಗೆ ಬೇಕಾದ್ರೆ ನೋಡಿ" ಅಂತ ಅವರೇ ಮೊದಲು ಹೇಳಿದರು. ಆ ಮಾತೇ ನನಗೆ ಧೈರ್ಯ ಕೊಟ್ಟಿದ್ದು. ಮಾರುವವರು ಕೊರತೆಯನ್ನು ಮೊದಲೇ ಹೇಳಿದರೆ ಮಿಕ್ಕಿದ್ದನ್ನು ಸಮಾಧಾನವಾಗಿ ನೋಡಬಹುದು.

ಆರು ಇಂಚಿನ ಫೋಮ್ ತುಂಡೊಂದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗಿದ್ದೆ, ಹಿಂದೆ ಮೇಸ್ತ್ರಿಗಳು. ಹಳೇ ಕಟ್ಟರ್ ಕೊಳ್ಳಲು ಹೋಗುವವರು ಫೋಮ್ ಜೊತೆಗೇ ಒಯ್ಯಬೇಕು. ಖಾಲಿ ಓಡಿಸಿದರೆ ಎಲ್ಲಾ ಮಷೀನೂ ಚೆನ್ನಾಗೇ ಓಡುತ್ತೆ. ಅವರ ಹತ್ತಿರ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇತ್ತು. ಅದು ಮಾರಾಟಕ್ಕಲ್ಲ, ಅವರ ಅಡುಗೆ ಮನೆಯ ಮಿಕ್ಸರ್ ಅದರ ಮೇಲೇ ನಡೆಯುತ್ತಿತ್ತು. ಅದನ್ನು ಜಗಲಿಗೆ ತಂದು ಚಾಲು ಮಾಡಿದರು. ಮೇಸ್ತ್ರಿಗಳು ಮಷೀನ್ ಮುಟ್ಟಲಿಲ್ಲ. ಮೊದಲು ಕೂತು ಗಾಳಿ ಕಿಂಡಿಯೊಳಗೆ ಇಣುಕಿದರು. ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಶ್ ಇರುವ ಮೋಟರಿನಲ್ಲಿ ಸಣ್ಣ ನೀಲಿ ಕಿಡಿ ಇರುತ್ತೆ, ಅದು ಸಹಜ. ಕಿಡಿ ದೊಡ್ಡದಾಗಿ ಸುತ್ತ ಹರಿದಾಡುತ್ತಿದ್ದರೆ ಬ್ರಶ್ ಸವೆದಿದೆ ಅಂತ, ಇಲ್ಲಾ ಒಳಗೆ ಬೇರೆ ಏನೋ ಕೆಟ್ಟಿದೆ ಅಂತ. ಇಲ್ಲಿ ಕಿಡಿ ಸಣ್ಣಗಿತ್ತು. ಆಮೇಲೆ ಪ್ಲಗ್ ತೆಗೆಸಿ ಬ್ಲೇಡನ್ನು ಬೆರಳಿನಲ್ಲಿ ಅಲ್ಲಾಡಿಸಿದರು, ಬ್ಲೇಡು ಕೂರುವ ಜಾಗ ಸಡಿಲ ಇದೆಯಾ ಅಂತ. ಹಲ್ಲಿನ ಮೇಲೆ ಉಗುರು ಎಳೆದರು. ಗೈಡಿನ ಕೆಳಗಿರುವ ಪಾದವನ್ನು ಟೈಲ್ಸ್ ಮೇಲೆ ಇಟ್ಟು ಸಮ ಕೂರುತ್ತಾ ನೋಡಿದರು. ಕೂರಲಿಲ್ಲ, ಒಂದು ಮೂಲೆ ಎದ್ದಿತ್ತು. ಹೂಂ ಅಂದರು.

ಕೊನೆಗೆ ನಾನು ತಂದಿದ್ದ ತುಂಡನ್ನು ಆ ಮನೆಯವರೇ ಕೊಯ್ದು ತೋರಿಸಿದರು. ಕೊಯ್ದ ಮುಖವನ್ನು ಮೇಸ್ತ್ರಿಗಳು ಬೆಳಕಿಗೆ ಹಿಡಿದು ನೋಡಿದರು, ಅದರ ಮೇಲೆ ಅಂಗೈ ಆಡಿಸಿದರು, ಇನ್ನೊಂದು ತುಂಡಿನ ಮುಖಕ್ಕೆ ಕೂಡಿಸಿ ನಡುವೆ ಬೆಳಕು ಬರುತ್ತಾ ನೋಡಿದರು. ಬರಲಿಲ್ಲ. "ಸಾರ್, ಬ್ಲೇಡು ಮೊಂಡಾಗಿದೆ, ಪಾದ ಬಗ್ಗಿದೆ. ಈ ಬ್ಲೇಡು ನಮ್ಮೂರಲ್ಲಿ ಸಿಗಲ್ಲ" ಅಂದರು. ಅಷ್ಟರಲ್ಲಿ ಕಾಫಿ ಬಂತು. ತೋಟದ ಮನೆಯಲ್ಲಿ ಅವರದೇ ಕಾಫಿ ಕುಡಿದು ಚೌಕಾಸಿ ಮಾಡುವುದು ಬಹಳ ಕಷ್ಟದ ಕೆಲಸ ರೀ. ನನಗೆ ಬಾಯೇ ಬರಲಿಲ್ಲ. ಅವರೇ "ನೀವೊಂದು ರೇಟ್ ಹೇಳಿ" ಅಂದರು, ನಾನು ಮೇಸ್ತ್ರಿಗಳ ಮುಖ ನೋಡಿದೆ, ಅವರು ಕಾಫಿ ಲೋಟ ನೋಡುತ್ತಿದ್ದರು. ಹೊಸದರ ಅರ್ಧಕ್ಕಿಂತ ಕಮ್ಮಿಗೆ ಮುಗಿಯಿತು. ಸೋಫಾ ರಿಪೇರಿ ಬಾಕಿಯಲ್ಲಿ ಸ್ವಲ್ಪ ಮುರಿದುಕೊಂಡೆವು.

ಪ್ಲಗ್ ಕತ್ತರಿಸಬೇಡಿ

ನಮ್ಮ ಮನೆ ಕರೆಂಟು 230 ವೋಲ್ಟ್. 120ರ ಮಷೀನನ್ನು ಅದಕ್ಕೆ ನೇರ ಚುಚ್ಚಿದರೆ ಒಂದು ಕ್ಷಣ ಹುಚ್ಚು ಸ್ಪೀಡಿನಲ್ಲಿ ಓಡಿ ವೈಂಡಿಂಗ್ ಸುಟ್ಟುಹೋಗುತ್ತೆ. ಹಾಗಾಗಿ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಮಷೀನ್ ಸುಮಾರು 350 ವ್ಯಾಟ್ ಎಳೆಯುತ್ತೆ, ಚಾಲು ಆಗುವಾಗ ಇನ್ನೂ ಜಾಸ್ತಿ. ನಾನು 500 ವಿಎದು (ವೋಲ್ಟ್ ಆಂಪಿಯರ್, ಟ್ರಾನ್ಸ್‌ಫಾರ್ಮರ್ ಎಷ್ಟು ಹೊರುತ್ತೆ ಅನ್ನುವ ಅಳತೆ) ತಗೊಂಡೆ. ಅಮೆರಿಕದ ಕರೆಂಟು 60 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸುತ್ತು), ಇಲ್ಲಿಯದು 50 ಅಂತ ಒಂದು ಹೆದರಿಕೆ ಇತ್ತು. ಬ್ರಶ್ ಇರುವ ಯೂನಿವರ್ಸಲ್ ಮೋಟರಿಗೆ ಅದು ಲೆಕ್ಕಕ್ಕಿಲ್ಲ, ಮಿಕ್ಸಿಯಲ್ಲೂ ಡ್ರಿಲ್ಲಿಂಗ್ ಮಷೀನಿನಲ್ಲೂ ಇರುವುದು ಇದೇ ಜಾತಿಯ ಮೋಟರು.

ಆದರೆ ಎಲೆಕ್ಟ್ರಿಷಿಯನ್ ಹುಡುಗ ಬಂದವನೇ ಮೊದಲು ಮಾಡಲು ಹೊರಟಿದ್ದು ಪ್ಲಗ್ ಕತ್ತರಿಸುವ ಕೆಲಸ. ಅಮೆರಿಕದ ಪ್ಲಗ್ಗಿಗೆ ಎರಡು ಚಪ್ಪಟೆ ಪಿನ್ನು. "ಅಕ್ಕ, ಇದು ಯಾವ ಬೋರ್ಡಿಗೂ ಕೂರಲ್ಲ. ನಮ್ಮ ದುಂಡು ಪಿನ್ನಿಂದು ಹಾಕ್ಕೊಡ್ತೀನಿ" ಅಂದ. ಬೇಡ ಮಾರಾಯ ಅಂದೆ. ಅದು ನಮ್ಮ ಗೋಡೆಯ ಸಾಕೆಟ್ಟಿಗೆ ಕೂರದೇ ಇರುವುದೇ ನಮಗೆ ಕಾವಲು. ಅಂಗಡಿಗೆ ಬಂದ ಹೊಸ ಹುಡುಗನೊಬ್ಬ ಸುಮ್ನೆ ಚುಚ್ಚಿ ನೋಡೋಣ ಅಂದರೂ ಆಗಬಾರದು. ಟ್ರಾನ್ಸ್‌ಫಾರ್ಮರಿನ ಮೇಲಿರುವ ಚಪ್ಪಟೆ ತೂತಿಗೆ ಮಾತ್ರ ಅದು ಹೋಗಬೇಕು. ಒಂದೇ ಒಂದು ಅಪಾಯ ಇತ್ತು. ಈಗ ಸಿಗುವ ಎಕ್ಸ್‌ಟೆನ್ಶನ್ ಬೋರ್ಡುಗಳಲ್ಲಿ ಎಲ್ಲಾ ದೇಶದ ಪಿನ್ನೂ ಹೋಗುವ ತೂತು ಇರುತ್ತೆ. ಅಂಥ ಬೋರ್ಡನ್ನು ಅಂಗಡಿಯಿಂದ ಮನೆಗೆ ಸಾಗಿಸಿದೆ. ಹೊರದೇಶದ ಹಳೇ ಮಷೀನ್ ಕೊಳ್ಳುವ ಯಾರಿಗಾದರೂ ನಾನು ಮೊದಲು ಹೇಳುವ ಮಾತು ಇದು, ರೇಟಿಗಿಂತ ಮೊದಲು.

ಓಡಿಸುವಾಗ

ಮಷೀನಿಗೆ ಬ್ಲೇಡು ಒಂದಲ್ಲ, ಎರಡು. ಬೆನ್ನಿಗೆ ಬೆನ್ನು ಅಂಟಿಕೊಂಡ ಹಾಗೆ ನಿಂತಿರುತ್ತವೆ. ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ ಬರುತ್ತೆ, ನಿಮಿಷಕ್ಕೆ 3200 ಸಲ. ಗುಟ್ಟೆಲ್ಲ ಇರುವುದು ಇದರಲ್ಲೇ. ಒಂದೇ ಬ್ಲೇಡು ಆದರೆ ಫೋಮನ್ನೂ ತನ್ನ ಜೊತೆ ಮೇಲೆ ಕೆಳಗೆ ಎಳೆದಾಡುತ್ತೆ. ಎರಡು ಎದುರುಬದುರು ಎಳೆದಾಗ ಫೋಮ್ ಯಾವ ಕಡೆಗೂ ಹೋಗಲಾರದೆ ನಿಂತಲ್ಲೇ ನಿಲ್ಲುತ್ತೆ, ಬಗ್ಗಲ್ಲ. ಬಗ್ಗದಿದ್ದರೆ ಅಂಚು ನೆಟ್ಟಗೆ. ಕೆಳಗಿನ ಪಾದ ಫೋಮಿನ ಅಡಿಯಲ್ಲಿ ಮೇಜಿನ ಮೇಲೆ ಜಾರಿಕೊಂಡು ಹೋಗುತ್ತೆ, ಮಷೀನ್ ಮೇಲಿರುತ್ತೆ, ಬ್ಲೇಡು ನಡುವೆ ನೇರ ನಿಂತಿರುತ್ತೆ. ಬಗ್ಗಿದ್ದ ಪಾದವನ್ನು ಮೇಸ್ತ್ರಿಗಳು ಕಬ್ಬಿಣದ ತುಂಡಿನ ಮೇಲಿಟ್ಟು ಮರದ ಸುತ್ತಿಗೆಯಲ್ಲಿ ಮೆತ್ತಗೆ ತಟ್ಟಿ ಸರಿ ಮಾಡಿದರು, ಆಮೇಲೆ ಅಂಚಿಗೆಲ್ಲ ಸ್ಯಾಂಡ್ ಪೇಪರ್ ಉಜ್ಜಿದರು, ಎಲ್ಲೂ ಸಿಕ್ಕಿಕೊಳ್ಳದಿರಲಿ ಅಂತ.

ಅವರು ಮೊದಲ ಸಲ ಹಿಡಿದಾಗ ತಳ್ಳಿದರು. ಇಷ್ಟು ವರ್ಷದ ಅಭ್ಯಾಸ, ಕೈಗೆ ಕೆಲಸ ಬೇಕು. ಮೋಟರಿನ ಸದ್ದು ದಪ್ಪ ಆಯ್ತು. ಕೈ ಹಗುರ ಮಾಡಿದರು, ಸದ್ದು ಮತ್ತೆ ತೆಳುವಾಯಿತು. ಆಮೇಲೆ ಅವರು ಗೀಟು ನೋಡಿಕೊಂಡು, ಕಿವಿಯಲ್ಲಿ ಸದ್ದು ಕೇಳಿಕೊಂಡು, ಮೇಜಿನ ಉದ್ದಕ್ಕೂ ನಡೆದುಹೋದರು. ಕೊನೆ ತಲುಪಿ ಸ್ವಿಚ್ ಬಿಟ್ಟು, "ಇದು ಕೊಯ್ಯಲ್ಲ ಅಮ್ಮ, ಸುಮ್ನೆ ಹಾದು ಹೋಗುತ್ತೆ" ಅಂದರು. ಹೂಂ ಅನ್ನಲಿಲ್ಲ.

ಕೆಲವು ಕೆಲಸಕ್ಕೆ ಈಗಲೂ ಚಾಕುವೇ. ಅರ್ಧ ಇಂಚಿನ ತೆಳು ಶೀಟಿಗೆ ಕತ್ತರಿ ಸಾಕು. ಸೀಟಿನ ಮುಂದಿನ ಅಂಚನ್ನು ದುಂಡಗೆ ಮಾಡುವುದು, ಕೈಯೂರುವ ಜಾಗದ ಸಣ್ಣ ಬಾಗು, ಇದೆಲ್ಲ ಮೇಸ್ತ್ರಿಗಳ ಕೈಗೇ ಬಿಟ್ಟಿದ್ದು. ರೀಬಾಂಡ್ ಫೋಮ್ ಕೊಯ್ದರೆ ಬ್ಲೇಡಿನ ಆಯಸ್ಸು ಕಮ್ಮಿ ಆಗುತ್ತೆ. ಅದು ಚೂರು ಫೋಮನ್ನೆಲ್ಲ ಅಂಟು ಹಾಕಿ ಒತ್ತಿ ಮಾಡಿದ್ದು, ಒಳಗೆ ಬಟ್ಟೆ ಚೂರೂ ಸಿಗುತ್ತೆ, ಗಟ್ಟಿ ಗಂಟೂ ಸಿಗುತ್ತೆ. ಅಂಟು ಹಾಕಿದ ಜಾಗದ ಮೇಲಂತೂ ಓಡಿಸಲೇಬಾರದು, ಹಲ್ಲಿಗೆ ಮೆತ್ತಿಕೊಳ್ಳುತ್ತೆ. ಮೊದಲು ಕೊಯ್ದು ಮುಗಿಸಿ, ಆಮೇಲೆ ಅಂಟು.

ಅಂಟಿನ ಮಾತು ಬಂತಲ್ಲ, ಇನ್ನೊಂದು ಹೇಳಲೇಬೇಕು. ನಾವು ಬಳಸುವ ರಬ್ಬರ್ ಅಂಟಿನ ಡಬ್ಬಿ ಮುಚ್ಚಳ ತೆಗೆದರೆ ಬರುವ ವಾಸನೆ ಬೆಂಕಿ ಹತ್ತುವಂಥದ್ದು. ಬ್ರಶ್ ಇರುವ ಮೋಟರಿನಲ್ಲಿ ಕಿಡಿ ಇದ್ದೇ ಇರುತ್ತೆ. ಸುತ್ತ ಫೋಮ್, ಅದಕ್ಕೂ ಬೇಗ ಬೆಂಕಿ ಹತ್ತುತ್ತೆ. ಚಾಕುವಿನ ಕಾಲದಲ್ಲಿ ಕೊಯ್ಯುವ ಮೇಜಿನ ಪಕ್ಕದಲ್ಲೇ ಅಂಟಿನ ಡಬ್ಬಿ ಇರುತ್ತಿತ್ತು. ಈಗ ಕೊಯ್ಯುವುದು ಮುಂದೆ, ಬೀದಿ ಬಾಗಿಲ ಹತ್ತಿರ. ಅಂಟು ಹಿತ್ತಲ ಕಡೆ, ಕಿಟಕಿ ತೆಗೆದು. ಮೂಗಿಗೆ ಮಾಸ್ಕು. ಮಳೆಗಾಲದಲ್ಲಿ ಬ್ಲೇಡಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ ಇಡುತ್ತೇವೆ, ಇಲ್ಲದಿದ್ದರೆ ತುಕ್ಕು ಖಂಡಿತ. ತೆಗೆದ ಮೇಲೆ ಎಣ್ಣೆ ಒರೆಸುವುದು ಮರೆಯಬಾರದು, ತೆಳು ಬಣ್ಣದ ಬಟ್ಟೆಗೆ ಕಲೆ ಹತ್ತುತ್ತೆ.

ಟೈಮ್ ಉಳಿಯಿತಾ?

ಈಗ ಕೈಮರದವರ ಪ್ರಶ್ನೆಗೆ ಬರೋಣ. ಒಂದು ಹಳೇ ಸೋಫಾ ಬಂದರೆ ಮೊದಲು ಹಳೇ ಬಟ್ಟೆ ಬಿಚ್ಚಬೇಕು. ಬಟ್ಟೆಗಿಂತ ಮೊಳೆ ಜಾಸ್ತಿ ಇರುತ್ತೆ. ಮೇಲೆ ಸ್ಟೇಪಲ್ ಪಿನ್ನು, ಅದರ ಕೆಳಗೆ ಹಿಂದಿನವರ ಮೊಳೆ, ಅದರ ಕೆಳಗೆ ಅವರಿಗಿಂತ ಹಿಂದಿನವರದ್ದು. ಒಂದೊಂದಾಗಿ ಕೀಳಬೇಕು. ಮರ ಸಡಿಲ ಇದ್ದರೆ ಕಾರ್ಪೆಂಟರ್ ಹತ್ತಿರ ಹೋಗಬೇಕು. ಬೆಲ್ಟ್ ಎಳೆಯಬೇಕು, ಗೋಣಿ ಹಾಕಬೇಕು, ಫೋಮ್ ಕೊಯ್ಯಬೇಕು, ಅಂಟಿಸಬೇಕು, ಬಟ್ಟೆ ಕತ್ತರಿಸಬೇಕು, ಪೈಪಿಂಗ್ ಹೊಲಿಯಬೇಕು, ಜಿಪ್ಪು ಹಾಕಬೇಕು, ಎಳೆದು ಪಿನ್ ಹೊಡೆಯಬೇಕು. ಇದರಲ್ಲಿ ಫೋಮ್ ಕೊಯ್ಯುವುದು ಒಂದು ಚಿಕ್ಕ ಭಾಗ. ಮಷೀನು ಆ ಭಾಗವನ್ನು ಇನ್ನೂ ಚಿಕ್ಕದು ಮಾಡಿತು, ಅಷ್ಟೇ. ಇಡೀ ಸೋಫಾದ ಲೆಕ್ಕದಲ್ಲಿ ಉಳಿದ ಟೈಮು ಒಂದು ಕಾಫಿ ಕುಡಿಯುವಷ್ಟು. ಅದರಲ್ಲೂ ಅರ್ಧ, ಗೀಟು ಹಾಕುವುದಕ್ಕೆ ಹೋಗುತ್ತೆ. ಚಾಕುವಿನಲ್ಲಿ ಕೊಯ್ಯುವಾಗ ಗೀಟು ಸ್ವಲ್ಪ ತಪ್ಪಿದ್ದರೆ ಮೇಸ್ತ್ರಿಗಳ ಕೈ ದಾರಿಯಲ್ಲೇ ಸರಿ ಮಾಡಿಕೊಳ್ಳುತ್ತಿತ್ತು. ಮಷೀನು ಗೀಟಿನ ಮೇಲೇ ಹೋಗುತ್ತೆ, ಗೀಟು ಸೊಟ್ಟಗಿದ್ದರೆ ಸೊಟ್ಟಗೇ. ಹಾಗಾಗಿ ಈಗ ರಟ್ಟಿನ ಅಚ್ಚು ಮಾಡಿ, ಮಾರ್ಕರ್ ಪೆನ್ನಲ್ಲಿ ಗೀಟು ಹಾಕಿ, ಮತ್ತೆ ಅಳೆದು, ಆಮೇಲೆ ಕೊಯ್ಯುತ್ತೇವೆ.

ಹಾಗಾದರೆ ಕೂಲಿ ಇಳಿಸಲು ಕಾರಣ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಮೇಸ್ತ್ರಿಗಳ ಭುಜ ಉಳಿಯಿತು, ಅದು ಗಿರಾಕಿಗೆ ಡಿಸ್ಕೌಂಟ್ ಕೊಡುವ ವಿಷಯ ಅಲ್ಲ. ಇಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಆದರೆ ಮಷೀನಿಗೆ ಹಾಕಿದ ದುಡ್ಡು ನಾನು ಅಂದುಕೊಂಡದ್ದಕ್ಕಿಂತ ಬೇಗ ವಾಪಸ್ ಬರುತ್ತಿತ್ತು. ಟೈಮು ಉಳಿದಿಲ್ಲ, ರೇಟು ಏರಿಸಿಲ್ಲ, ಹಾಗಾದರೆ ಈ ದುಡ್ಡು ಎಲ್ಲಿಂದ?

14 ಇಂಚು

ಮೂರು ಜನರ ಸೋಫಾ ತಗೊಳ್ಳಿ. ನಮಗೆ ಫೋಮ್ ಶೀಟು ಬರುವುದು 72 ಇಂಚು ಉದ್ದ, 36 ಇಂಚು ಅಗಲ. ಸೀಟು 22ಕ್ಕೆ 22. ಉದ್ದಕ್ಕೆ ಮೂರು ಸೀಟು ಕೊಯ್ದರೆ 66 ಇಂಚು ಹೋಯಿತು. ಮಿಕ್ಕಿದ್ದು 14 ಇಂಚು ಅಗಲದ, 72 ಇಂಚು ಉದ್ದದ ಒಂದು ಪಟ್ಟಿ, ಜೊತೆಗೆ 6ಕ್ಕೆ 22ರ ಒಂದು ತುಂಡು. ಗುಣಾಕಾರ ಮಾಡಿ ನೋಡಿ, ಇಡೀ ಶೀಟಿನಲ್ಲಿ ನೂರಕ್ಕೆ 44 ಭಾಗ ಮಿಕ್ಕಿದ್ದೇ! ಹಿಂಭಾಗಕ್ಕೆ ಇದು ಬರಲ್ಲ, ಅಲ್ಲಿಗೆ ಮೆತ್ತಗಿನ ಫೋಮ್ ಬೇರೆ.

ಚಾಕುವಿನ ಕಾಲದಲ್ಲಿ ಈ ಪಟ್ಟಿಯ ಒಂದು ಅಂಚು ಅಲೆ ಅಲೆ. ಮತ್ತೆ ಸರಿ ಮಾಡಿ ಕೊಯ್ಯಲು ಹೋದರೆ ಹದಿಮೂರು, ಹನ್ನೆರಡೂವರೆ. ಯಾವ ಅಳತೆಗೂ ಕೂರದ ತುಂಡು. ಚೀಲಕ್ಕೆ ತುಂಬಿ ಇಡುತ್ತಿದ್ದೆವು, ಚೂರು ಫೋಮ್ ಕೊಳ್ಳುವವರು ಬಂದಾಗ ಕೆಜಿ ಲೆಕ್ಕದಲ್ಲಿ ಹೋಗುತ್ತಿತ್ತು. ಆ ಚೂರೇ ಆಮೇಲೆ ರೀಬಾಂಡ್ ಆಗಿ ವಾಪಸ್ ಬರುವುದು. ಈಗ ಮಷೀನಿನಿಂದ ಆ ಪಟ್ಟಿ 14 ಅಂದರೆ 14, ನಾಲ್ಕೂ ಮೂಲೆ ಮಟ್ಟ. 14 ಇಂಚಿನ ಸ್ಟೂಲಿಗೆ ಐದು ಮೆತ್ತೆ ಬರುತ್ತೆ. ಹೋಂಸ್ಟೇಗಳಲ್ಲಿ ಕಾಫಿ ಮರದ ಬುಡದ ಸ್ಟೂಲು ಇಡುವುದು ಈಗ ಎಲ್ಲಾ ಕಡೆ ಇದೆ. ಅಥವಾ ಕಿಟಕಿ ಪಕ್ಕದ ಕಟ್ಟೆಗೆ ಇಡೀ ಪಟ್ಟಿಯನ್ನೇ ಹಾಕಿದರೆ ಒಂದೇ ಉದ್ದನೆ ಮೆತ್ತೆ, ನಡುವೆ ಜೋಡಣೆ ಇಲ್ಲ. ಅಂಗಡಿಯ ಅಟ್ಟದ ಮೇಲೆ ಅಳತೆ ಬರೆದ ತುಂಡುಗಳು ಸಾಲಾಗಿ ನಿಂತಿವೆ. ನನ್ನ ಲಾಭ ಇದ್ದದ್ದು ಅಲ್ಲಿ.

ಆದರೆ ಆ ಶೀಟಿಗೆ ದುಡ್ಡು ಕೊಟ್ಟವರು ಯಾರು? ಗಿರಾಕಿ. ಬಿಲ್ಲಿನಲ್ಲಿ "40 ಡೆನ್ಸಿಟಿ, 4 ಇಂಚು, 1 ಶೀಟ್" ಅಂತ ಬರೆದು ಪೂರ್ತಿ ಶೀಟಿನ ರೇಟು ಹಾಕಿರುತ್ತೇವೆ. ಈ ಕಸುಬಿನಲ್ಲಿ ಮೊದಲಿನಿಂದ ನಡೆದು ಬಂದದ್ದು ಹಾಗೇ, ಮಿಕ್ಕಿದ್ದು ಅಂಗಡಿಯವರದ್ದು. ಹೊಲಿಗೆಯಲ್ಲೂ ಅದೇ. ಬ್ಲೌಸ್ ಪೀಸಿನ ತುಂಡನ್ನು ಕೇಳಿ ಇಸಿದುಕೊಂಡು ಹೋಗುವ ಹೆಂಗಸರು ಮಾತ್ರ ಪಡೆಯುತ್ತಾರೆ. ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅನ್ನುವ ಗಾದೆ ಸುಮ್ಮನೆ ಬಂದಿಲ್ಲ. ಮಿಕ್ಕಿದ್ದು ಬರೀ ಕಸ ಆಗಿದ್ದಾಗ ಆ ಪದ್ಧತಿಯಲ್ಲಿ ಯಾರಿಗೂ ನಷ್ಟ ಇರಲಿಲ್ಲ. ಈಗ ಮಿಕ್ಕಿದ್ದು ಮಾಲು ಆಗಿದೆ. ಕೈಮರದವರು ರೇಟು ಇಳಿಸಿ ಅಂದದ್ದು ಸರಿಯೇ, ಕಾರಣ ಮಾತ್ರ ಬೇರೆ. ಅವರು ಕೇಳಬೇಕಾಗಿದ್ದದ್ದು ಮೇಸ್ತ್ರಿಗಳ ನಿಮಿಷದ ಲೆಕ್ಕ ಅಲ್ಲ, ತಮ್ಮ 14 ಇಂಚಿನ ಲೆಕ್ಕ.

ಲೆಕ್ಕ ಕೇಳುವವರಿಗೆ ಇನ್ನೂ ಒಂದು ಹೇಳಿಬಿಡುತ್ತೇನೆ. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮಿನ ತೂಕ, ಕೆಜಿಯಲ್ಲಿ. 72ಕ್ಕೆ 36ರ ನಾಲ್ಕು ಇಂಚಿನ ಶೀಟು 32 ಡೆನ್ಸಿಟಿ ಆದರೆ ಸುಮಾರು 5.4 ಕೆಜಿ ತೂಗಬೇಕು, 40 ಡೆನ್ಸಿಟಿ ಆದರೆ ಸುಮಾರು 6.8. ಕೈಯಲ್ಲಿ ಒತ್ತಿ ನೋಡಿದರೆ ಏನೂ ಗೊತ್ತಾಗಲ್ಲ, ಹಗುರ ಫೋಮನ್ನೂ ಗಟ್ಟಿಯಾಗಿ ಮಾಡಬಹುದು. ಕೂತು ಕೂತು ಕುಸಿದ ಮೇಲೆ ಗೊತ್ತಾಗುತ್ತೆ. ಮನೆಯ ತೂಕದ ಮಷೀನಿನ ಮೇಲೆ ಶೀಟು ಹಿಡಿದುಕೊಂಡು ನಿಂತು, ನಿಮ್ಮ ತೂಕ ಕಳೆದರೆ ಆಯ್ತು. ನಮ್ಮ ಅಂಗಡಿಯಲ್ಲೂ ಹೀಗೆ ತೂಗಿ ನೋಡಿ ಅಂತಲೇ ಹೇಳುತ್ತೇನೆ.

ಮಿಕ್ಕಿದ್ದರಲ್ಲಿ ಗಿರಾಕಿಗೂ ಪಾಲು ಕೊಡೋಣ ಅಂತ ಮೇಸ್ತ್ರಿಗಳ ಜೊತೆ ಮಾತಾಡಿದೆ. ಅವರಿಗೆ ಇದು ಅಷ್ಟು ಹಿಡಿಸಲಿಲ್ಲ. "ಮಷೀನಿಗೆ ದುಡ್ಡು ಹಾಕಿದ್ದು ನೀವು. ನೆಟ್ಟಗೆ ಕೊಯ್ದದ್ದು ನಾನು. ತುಂಡು ತುಂಡಾಗಿ ಉಳಿದಿದ್ದು ನಮ್ಮಿಂದ, ಇಲ್ಲದಿದ್ರೆ ಚೂರು" ಅಂದರು. ಅದರಲ್ಲೂ ನ್ಯಾಯ ಇದೆ. ಬಹಳ ಹೊತ್ತು ಹಗ್ಗಜಗ್ಗಾಟ ನಡೆದು ಒಂದು ಪದ್ಧತಿಗೆ ಬಂದೆವು. ಈಗ ಬಿಲ್ಲಿನ ಕೆಳಗೆ ಮಿಕ್ಕ ತುಂಡಿನ ಅಳತೆ ಬರೆಯುತ್ತೇನೆ. ಬೇಕಾದರೆ ಗಿರಾಕಿ ತಗೊಂಡು ಹೋಗಬಹುದು. ಬೇಡ ಅಂದರೆ ಆ ಅಳತೆಯ ಫೋಮಿಗೆ ಎಷ್ಟಾಗುತ್ತೋ ಅದರ ಅರ್ಧ ಬಿಲ್ಲಿನಲ್ಲಿ ಕಳೆಯುತ್ತೇನೆ. ಇನ್ನರ್ಧ ಮಷೀನಿಗೆ ಮತ್ತು ಮೇಸ್ತ್ರಿಗಳಿಗೆ. ಒಂದು ಅಡಿಗಿಂತ ಚಿಕ್ಕ ತುಂಡು ಲೆಕ್ಕಕ್ಕಿಲ್ಲ, ಅದು ಚೀಲಕ್ಕೆ.

ಇದನ್ನು ಶುರು ಮಾಡಿದ ಮೇಲೆ ವಿಚಿತ್ರ ಏನು ಅಂದರೆ, ಜನ ದುಡ್ಡು ಕಳೆಸಿಕೊಳ್ಳುವುದಕ್ಕಿಂತ ತುಂಡನ್ನೇ ಕೇಳುತ್ತಾರೆ. ಆಮೇಲೆ ಅದಕ್ಕೊಂದು ಕವರ್ ಹೊಲಿದುಕೊಡಿ ಅಂತಾರೆ. ನಾಯಿಗೆ ಹಾಸಿಗೆ, ಅಜ್ಜಿ ಪೂಜೆಗೆ ಕೂರುವ ಮೆತ್ತೆ, ಜೀಪಿನ ಹಿಂದಿನ ಸೀಟಿಗೆ ಒರಗು. ಹೊಲಿಗೆ ಕೂಲಿ ನನಗೆ ಬರುತ್ತೆ. ಊರಿನ ಇನ್ನೊಂದು ಕುಶನ್ ಅಂಗಡಿಯವರು ಮಾತ್ರ ಮುನಿಸಿಕೊಂಡಿದ್ದಾರೆ. "ನೀವು ಹೀಗೆ ಬರೆದು ಕೊಟ್ರೆ ನಾಳೆ ನಮ್ಮ ಹತ್ರಾನೂ ಕೇಳ್ತಾರೆ" ಅಂದರು. ಕೇಳಲಿ ಬಿಡಿ ಅಂದೆ. ಅವರು ಇನ್ನೂ ಚಾಕುವಿನಲ್ಲೇ ಕೊಯ್ಯುವುದು, ಅವರ ತುಂಡು ಯಾರಿಗೆ ಬೇಕು ಅಂತ ಬಾಯಿಗೆ ಬಂದಿತ್ತು, ಹೇಳಲಿಲ್ಲ. ಮರುವಾರ ಅವರ ಹುಡುಗ ಬಂದು ಮಷೀನಿನ ಫೋಟೋ ತೆಗೆದುಕೊಂಡು ಹೋದ. ಬ್ಲೇಡು ಎಲ್ಲಿ ತರಿಸ್ತೀರಿ ಅಕ್ಕ ಅಂತಲೂ ಕೇಳಿದ. ಜೋಡಿಯಾಗಿ ತರಿಸು, ಒಂದೇ ಬದಲಾಯಿಸಿದರೆ ಎರಡೂ ಹೊಂದಲ್ಲ ಅಂತ ಹೇಳಿ ಕಳಿಸಿದೆ.